ಹೆಬ್ಬಾವಿನ ಲಿಂಗನಿರ್ಣಯ: ಒಂದು ಐತಿಹಾಸಿಕ ಸಮೀಕ್ಷೆ

ಪಾಲನೆಯಲ್ಲಿರುವ ಹೆಬ್ಬಾವುಗಳನ್ನು ಸಂತಾನಕ್ಕಾಗಿ ಜೊತೆಗೂಡಿಸುವ ಮುನ್ನ ಗಂಡು ಯಾವುದು, ಹೆಣ್ಣು ಯಾವುದು ಎಂಬುದನ್ನು ಖಚಿತಪಡಿಸಿಕೊಳ್ಳುವುದು ಅವಶ್ಯ. ಬಣ್ಣದಿಂದಾಗಲಿ ಮೈಮೇಲಿನ ಚಿತ್ತಾರದಿಂದಾಗಲಿ ಇದು ತಿಳಿಯಬರುವುದಿಲ್ಲ. ಈ ಪ್ರಶ್ನೆಗೆ ಎರಡು ಮುಖಗಳುಂಟು: ದೇಹವನ್ನು ನೋಡಿ ಲಿಂಗವನ್ನು ಗುರುತಿಸುವ ಬಗೆ ಒಂದು, ಲಿಂಗವನ್ನು ನಿಶ್ಚಯಿಸುವ ಆಂತರಿಕ ಕಾರಣ ಇನ್ನೊಂದು. ಮೊದಲನೆಯದು ಇತ್ಯರ್ಥವಾದ ಮೇಲೂ ಎರಡನೆಯದರಲ್ಲಿ ವಿದ್ವಾಂಸರು ಸುಮಾರು ಅರ್ಧ ಶತಮಾನ ತಪ್ಪು ಹಾದಿಯಲ್ಲಿದ್ದರೆಂಬುದನ್ನು ಇಲ್ಲಿ ನಿರೂಪಿಸುತ್ತೇವೆ.

ಹಾವುಗಳಿಗೆ ಕಾಲಿಲ್ಲದ ಕಾರಣ ಶಿಶ್ನವಿಲ್ಲವೆಂದು ಗ್ರೀಕ್ ತತ್ತ್ವಜ್ಞ ಅರಿಸ್ಟಾಟಲನು ಬರೆದನು. ವಾಸ್ತವವಾಗಿ ಗಂಡುಹಾವಿಗೆ ಅದು ಜೋಡಿಯಾಗಿದ್ದು, ಬಾಲದ ಬುಡದೊಳಗೆ ಒಳಮಗುಚಿದ ಚೀಲಗಳಂತೆ ಅಡಗಿರುತ್ತದೆ. ಹೆಬ್ಬಾವಿನ ಮಲದ್ವಾರದ ಇಕ್ಕೆಲಗಳಲ್ಲಿ ಹಿಂಗಾಲುಗಳ ಅವಶೇಷವಾದ ಉಗುರುಗಳೂ ಉಂಟು. ಅವು ಸಾಮಾನ್ಯವಾಗಿ ಗಂಡಿನಲ್ಲಿ ದೊಡ್ಡವು. ಆದರೆ ಅಪವಾದಗಳು ಹೇರಳವಾದುದರಿಂದ ಈ ಲಕ್ಷಣವೊಂದನ್ನೇ ನಂಬಲಾಗದು.

ಇಪ್ಪತ್ತನೆಯ ಶತಮಾನದಲ್ಲಿ ಸಲಾಕೆಯ ಪರೀಕ್ಷೆಯು ರೂಢಿಗೆ ಬಂದಿತು. ಹಾವುಗಳ ಲಿಂಗವನ್ನು ಗುರುತಿಸುವ ಲಕ್ಷಣಗಳನ್ನು ಹೆನ್ರಿ ಫಿಚ್ 1960ರಲ್ಲಿ ಚರ್ಚಿಸಿದರು. ಸಲಾಕೆಯ ವಿಧಾನವನ್ನು ಯೋಸೆಫ್ ಲಾಸ್ಲೊ 1975ರಲ್ಲಿ ವಿವರಿಸಿದರು. ನುಣುಪಾದ ಮೊಂಡು ಸಲಾಕೆಗೆ ಜಾರುದ್ರವ್ಯವನ್ನು ಸವರಿ, ಮಲದ್ವಾರದ ಒಂದು ಪಕ್ಕದಿಂದ ಬಾಲದ ಕಡೆಗೆ ಮೆಲ್ಲನೆ ತೂರಿಸುತ್ತಾರೆ. ಗಂಡಿನಲ್ಲಿ ಅದು ಚೀಲದೊಳಕ್ಕೆ ಆಳವಾಗಿ ಇಳಿಯುತ್ತದೆ. ಹೆಣ್ಣಿನಲ್ಲಿ ಕೆಲವೇ ಹುರುಪೆಗಳ ಅಳತೆಗೆ ನಿಲ್ಲುತ್ತದೆ. ಗಂಡು ಸ್ನಾಯುಗಳನ್ನು ಬಿಗಿಹಿಡಿದರೆ ಹೆಣ್ಣೆಂಬ ಭ್ರಮೆಯುಂಟಾಗಬಹುದು. ಬಲ ಪ್ರಯೋಗಿಸಿದರೆ ಅಂಗಕ್ಕೆ ಗಾಯವಾಗುತ್ತದೆ. ಆದುದರಿಂದ ಇದು ನುರಿತ ಕೈಗೆ ಸೇರಿದ ಕೆಲಸ.

ಇನ್ನು ಕಾರಣದ ವಿಚಾರ. 1964ರಲ್ಲಿ ಬ್ರೆಜಿಲಿನ ಬೆಸಾಕ್ ದಂಪತಿಗಳೂ ಸುಸುಮು ಓನೊ ಅವರೂ ಹಾವುಗಳ ವರ್ಣತಂತುಗಳಿಗೆ ಪಕ್ಷಿಗಳೊಡನೆ ನಿಕಟ ಸಾಮ್ಯವಿರುವುದನ್ನು ತೋರಿಸಿದರು. ಮಂಡಲದಂತಹ ಹಾವುಗಳಲ್ಲಿ ಹೆಣ್ಣಿಗೆ ಝಡ್ ಮತ್ತು ಡಬ್ಲ್ಯೂ ಎಂಬ ಅಸಮಾನ ಜೋಡಿಯುಂಟು. ಗಂಡಿಗೆ ಎರಡು ಝಡ್. ಈ ತಂತುಗಳ ವಿಕಾಸವನ್ನು ಕಾಶಿ ಹಿಂದೂ ವಿಶ್ವವಿದ್ಯಾನಿಲಯದ ರಾಯ್‌ಚೌಧುರಿ, ಲಾಲ್‌ಜಿ ಸಿಂಗ್ ಮತ್ತು ಶರ್ಮ ಅವರು 1971ರಲ್ಲಿ ಗಹನವಾಗಿ ವಿವೇಚಿಸಿದರು. ಹೆಬ್ಬಾವು ಮತ್ತು ಬೋವಾಗಳಲ್ಲಾದರೋ ಅಂತಹ ಅಸಮಾನ ಜೋಡಿಯು ಕಾಣಲಿಲ್ಲ. ಅವುಗಳಲ್ಲಿಯೂ ಝಡ್-ಡಬ್ಲ್ಯೂ ವ್ಯವಸ್ಥೆಯೇ ಇದೆ, ಭೇದವು ಇನ್ನೂ ಮೂಡಿಲ್ಲ ಎಂದು ಪಂಡಿತರು ಊಹಿಸಿದರು. ಊಹೆಯು ಕ್ರಮೇಣ ಪಠ್ಯಪುಸ್ತಕದ ಸಿದ್ಧಾಂತವಾಯಿತು.

ಈ ಸಿದ್ಧಾಂತಕ್ಕೆ ತೊಡಕೊಡ್ಡಿದ್ದು ಬೋವಾ. ವಾರೆನ್ ಬೂತ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ವರದಿಯಂತೆ, ಒಂದು ಹೆಣ್ಣು ಬೋವಾ ತಂದೆಯಿಲ್ಲದೆಯೇ ಎರಡು ಸೂಲುಗಳಲ್ಲಿ 22 ಮರಿಗಳನ್ನು ಹೆತ್ತಿತು, ಅವೆಲ್ಲವೂ ಹೆಣ್ಣು. ಸಿದ್ಧಾಂತವನ್ನು ಉಳಿಸಿಕೊಳ್ಳಲು, ಮರಿಗಳು ಎರಡು ಡಬ್ಲ್ಯೂ ಪಡೆದವೆಂಬ ಅಪೂರ್ವ ಕಲ್ಪನೆಯನ್ನು ಮಾಡಬೇಕಾಯಿತು. 2017ರಲ್ಲಿ ಟೋನಿ ಗ್ಯಾಂಬಲ್ ಮತ್ತು ಸಂಗಡಿಗರು (ಬೂತ್ ಅವರೂ ಇವರಲ್ಲೊಬ್ಬರು) ಬೋವಾದಲ್ಲಿಯೂ ಬರ್ಮಾದ ಹೆಬ್ಬಾವಿನಲ್ಲಿಯೂ ಗಂಡಿಗೆ ಮಾತ್ರ ಮೀಸಲಾದ ಡಿಎನ್‌ಎ ಗುರುತುಗಳನ್ನು ಕಂಡುಹಿಡಿದರು. ಅಲ್ಲಿರುವುದು ಮನುಷ್ಯರಲ್ಲಿರುವಂತಹ ಎಕ್ಸ್-ವೈ ಕ್ರಮ. ಅದೂ ಎರಡು ವಂಶಗಳಲ್ಲಿ ಪ್ರತ್ಯೇಕವಾಗಿ ಹುಟ್ಟಿದುದು. ಎರಡು ಎಕ್ಸ್‌ಗಳ ತಾಯಿಗೆ ಹೆಣ್ಣುಮರಿಗಳೇ ಆಗುವುದು ಸಹಜವೆಂದಮೇಲೆ ತೊಡಕು ತಾನಾಗಿಯೇ ಬಿಡಿಸಿಹೋಯಿತು.

ಸಲಾಕೆ ಹಿಡಿದವನು ಪ್ರತಿಯೊಂದು ಹಾವನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದನು; ಸಿದ್ಧಾಂತಿಗಳು ಮಂಡಲದಲ್ಲಿ ಕಂಡುದನ್ನು ಹೆಬ್ಬಾವಿಗೂ ಅನ್ವಯಿಸಿದರು. ಒಂದು ಕುಲದಲ್ಲಿ ಸಿದ್ಧವಾದುದು ಅದರ ಬಂಧುಕುಲದಲ್ಲಿ ಸಿದ್ಧವಾದಂತಲ್ಲ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಈ ಇತಿಹಾಸದಿಂದ ಗ್ರಹಿಸುವರೆಂದು ನಂಬುತ್ತೇವೆ.