ಕಲ್ಲಿನ ಮೇಲಿನ ಸೂರ್ಯ, ಗಾಜಿನ ಮೇಲಿನ ಸೂರ್ಯ

ಹೇಮಗುಡ್ಡದ ಹೆಸರೆತ್ತಿದೊಡನೆ ಓದುಗರಿಗೆ ನೆನಪಾಗುವುದು ಕೋಟೆ, ಕಂಪಿಲರಾಯ, ಕುಮಾರರಾಮ. ಇಲ್ಲವೆ ದುರ್ಗಾದೇವಿಯ ದಸರೆ. ಅದು ಸಹಜವೇ. ೧೩೨೭ರ ಸುಮಾರಿಗೆ ದೆಹಲಿಯ ದಂಡಿಗೆ ಎದುರುನಿಂತು ಅಳಿದುಹೋದ ರಾಜ್ಯವೊಂದರ ನೆನಪು ಈ ಬೆಟ್ಟದ ಸಾಲಿಗೆ ಇಂದಿಗೂ ಅಂಟಿಕೊಂಡಿದೆ. ಆದರೆ ಪ್ರಕೃತ ನಾನು ಹೇಳಹೊರಟಿರುವುದು ಅರಸರ ಮಾತಲ್ಲ, ಆಕಾಶದ ಮಾತು. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳೆಯ ಗುಡಿಗಳ ಮುಂದೆ ನಿಂತಿರುವ ಶಾಸನಕಲ್ಲುಗಳನ್ನು ನೀವು ನೋಡಿರಬಹುದು. ಅಕ್ಷರಗಳು ಮೊದಲಾಗುವುದಕ್ಕೆ ಮುಂಚೆ, ಕಲ್ಲಿನ ನೆತ್ತಿಯಲ್ಲಿ, ಬಹುಮಟ್ಟಿಗೆ ಒಂದು ಸೂರ್ಯಬಿಂಬವೂ ಒಂದು ಚಂದ್ರರೇಖೆಯೂ ಇರುತ್ತವೆ. ಕೊಟ್ಟ ದಾನವು ಆಚಂದ್ರಾರ್ಕವಾಗಿ ನಿಲ್ಲಲಿ ಎಂಬುದು ಅದರ ಭಾವ. ನಮ್ಮ ಹಿರಿಯರು ಊರೂರಿಗೆ ನೆಟ್ಟ ಆಕಾಶಚಿತ್ರ ಅದು.

ಈಗ ನನ್ನ ಶಾಲೆಯ ಹುಡುಗರು ಹಿಡಿದು ತರುವ ಆಕಾಶಚಿತ್ರಗಳು ಬೇರೆ ತೆರನವು. ಫೋನಿನ ಗಾಜಿನ ಮೇಲೆ ಹವಳದ ಬಣ್ಣದ ನೀಹಾರಿಕೆಗಳು, ಬಾಲಬಿಚ್ಚಿದ ಧೂಮಕೇತುಗಳು, ಕಪ್ಪು ಸೂರ್ಯನ ಸುತ್ತ ಬೆಳ್ಳಿಯ ಎಳೆಗಳು. ತೋರಿಸಿದವರು ಕೇಳುವ ಪ್ರಶ್ನೆಯೊಂದೇ: "ಸಾರ್, ಇದು ನಿಜವಾಗಿ ಹೀಗೇ ಇದೆಯೆ?" ಪ್ರಶ್ನೆ ಒಳ್ಳೆಯದೇ. ಆದರೆ ಶಾಸನಗಳನ್ನು ಓದಿ ಅಭ್ಯಾಸವಾದವನಿಗೆ ಅದಕ್ಕಿಂತ ಮೊದಲು ಕೇಳಬೇಕೆನಿಸುವುದು ಬೇರೆ: ಎಂದು ತೆಗೆದದ್ದು? ಎಲ್ಲಿ ನಿಂತು? ಯಾರು? ಇಷ್ಟಕ್ಕೆ ಉತ್ತರವಿಲ್ಲದ ಚಿತ್ರ ಎಷ್ಟೇ ಸೊಗಸಾಗಿದ್ದರೂ ಕಾಲನಿರ್ದೇಶವಿಲ್ಲದ ಶಾಸನದಂತೆ. ಮೆಚ್ಚಬಹುದು, ಅದರಿಂದ ಏನನ್ನೂ ಸಾಧಿಸಲಾಗದು.

ನಮ್ಮ ಶಾಸನಕಾರರು ಈ ವಿಷಯದಲ್ಲಿ ಜಿಪುಣರಲ್ಲ. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಇವಿಷ್ಟನ್ನೂ ಹೇಳಿ, ಅದರ ಮೇಲೆ ಸೂರ್ಯಗ್ರಹಣ ನಿಮಿತ್ತವೆಂದೋ ಸೋಮಗ್ರಹಣ ನಿಮಿತ್ತವೆಂದೋ ಸೇರಿಸುವರು. ಗ್ರಹಣಕಾಲದ ದಾನಕ್ಕೆ ಪುಣ್ಯ ಹೆಚ್ಚೆಂಬ ನಂಬಿಕೆಯಿಂದ ಬರೆದದ್ದು ಚರಿತ್ರಕಾರರಿಗೆ ಚಿನ್ನವಾಯಿತು. ಗ್ರಹಣವನ್ನು ಹಿಂದಕ್ಕೆ ಎಣಿಸಿ ನೋಡಬಹುದು. ಎಣಿಕೆ ಹೊಂದಿದರೆ ಶಾಸನದ ದಿನ ಖಚಿತ. ಕನ್ನಡನಾಡಿನ ಶಾಸನಗಳಲ್ಲಿ ದುಡಿದ ಫ್ಲೀಟ್ ಸಾಹೇಬರಿಗೆ ಈ ಎಣಿಕೆಯಲ್ಲಿ ನೆರವಾದವರು ಮಹಾರಾಷ್ಟ್ರದ ಶಂಕರ ಬಾಲಕೃಷ್ಣ ದೀಕ್ಷಿತರು. ಅದೇ ದೀಕ್ಷಿತರೊಡನೆ ರಾಬರ್ಟ್ ಸೀವೆಲ್ ೧೮೯೬ರಲ್ಲಿ ಭಾರತೀಯ ಪಂಚಾಂಗವನ್ನು ಕುರಿತ ದೊಡ್ಡ ಗ್ರಂಥವನ್ನು ಹೊರತಂದರು. ಭಾರತದಲ್ಲಿ ಕಾಣಿಸಿದ ಸೂರ್ಯಗ್ರಹಣಗಳ ಕೋಷ್ಟಕಗಳು ಅದಕ್ಕೆ ಜೋಡಿಸಿದ್ದವು. ಈ ಸೀವೆಲ್ ನಮಗೆ ಅಪರಿಚಿತರಲ್ಲ. ನಮ್ಮ ನೆರೆಯ ಹಂಪೆ ಆನೆಗೊಂದಿಗಳ ಕಥೆಯನ್ನು ೧೯೦೦ರಲ್ಲಿ "ಮರೆತುಹೋದ ಸಾಮ್ರಾಜ್ಯ"ವೆಂದು ಜಗತ್ತಿಗೆ ಸಾರಿದವರು ಅವರೇ. ನಮ್ಮ ಕಾಲದಲ್ಲಿ ಡಾ. ಬಿ. ಎಸ್. ಶೈಲಜಾ ಮತ್ತು ಗೀತಾ ಕೈದಾಳ ಅವರು ಶಾಸನಗಳಲ್ಲಿ ಹುದುಗಿದ ಆಕಾಶದ ಸುದ್ದಿಗಳನ್ನು ಕಲೆಹಾಕಿ ೨೦೧೬ರಲ್ಲಿ ಪುಸ್ತಕವಾಗಿಸಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಗ್ರಹಣವೆಂದು ಬರೆದ ಮಾತ್ರಕ್ಕೆ ಬರೆದವರು ಅದನ್ನು ಕಣ್ಣಾರೆ ಕಂಡರೆಂದು ತಿಳಿಯಬಾರದು. ಭಾರತದಲ್ಲಿ ಕಾಣಿಸದೆ ಇದ್ದ ಗ್ರಹಣಗಳೂ ಕೆಲವು ಶಾಸನಗಳಲ್ಲಿವೆ. ಜೋಯಿಸರ ಗಣಿತದಲ್ಲಿ ಅದು ಬಂದಿತ್ತು, ಅಷ್ಟೆ. ಹಾಗಾಗಿ ಶಾಸನವು ಕಣ್ಣಿನ ಸಾಕ್ಷಿಯೋ ಪಂಚಾಂಗದ ಸಾಕ್ಷಿಯೋ ಎಂಬುದನ್ನು ಬಿಡಿಬಿಡಿಯಾಗಿ ವಿಚಾರಿಸಬೇಕು.

ಕಣ್ಣಿನ ಸಾಕ್ಷಿಯನ್ನು ಅಳಿಯದಂತೆ ಹಿಡಿದಿಡುವ ಉಪಾಯ ಹತ್ತೊಂಬತ್ತನೆಯ ಶತಮಾನದಲ್ಲಿ ಬಂತು. ಅದರ ಮೂಲತತ್ತ್ವ ನಮ್ಮ ಸೀಮೆಯವರಿಗೆ ಹೊಸದಲ್ಲ. ಹಂಪೆಯ ವಿರೂಪಾಕ್ಷ ದೇವಾಲಯದ ಒಳಗೋಡೆಯ ಮೇಲೆ ರಾಜಗೋಪುರದ ನೆರಳು ತಲೆಕೆಳಗಾಗಿ ಬೀಳುವುದನ್ನು ಕಂಡು ಬೆರಗಾಗದವರು ಯಾರು? ಸಣ್ಣ ಕಿಂಡಿಯಿಂದ ಬಂದ ಬೆಳಕು ಕತ್ತಲಕೋಣೆಯಲ್ಲಿ ಹೊರಗಿನ ವಸ್ತುವನ್ನು ಬುಡಮೇಲು ಮಾಡಿ ಬಿಡಿಸುತ್ತದೆ. ಗೋಪುರದ ತುದಿಯಿಂದ ಹೊರಟ ಕಿರಣ ಕಿಂಡಿಯನ್ನು ಹಾಯ್ದು ಕೆಳಕ್ಕೆ ಇಳಿಯುತ್ತದೆ, ಬುಡದಿಂದ ಹೊರಟದ್ದು ಮೇಲಕ್ಕೆ ಏರುತ್ತದೆ. ಆ ಗೋಡೆಯ ಜಾಗದಲ್ಲಿ ಬೆಳಕಿಗೆ ಕಪ್ಪಾಗುವ ಮದ್ದನ್ನು ಲೇಪಿಸಿದ ಗಾಜನ್ನು ಇಟ್ಟರೆ, ಅದೇ ಛಾಯಾಚಿತ್ರ.

ಈ ಗಾಜುಗಳನ್ನು ಹೊತ್ತು ವಿಜ್ಞಾನಿಗಳು ನಮ್ಮ ನಾಡಿಗೆ ಬಂದದ್ದು ಎರಡು ಗ್ರಹಣಗಳಿಗಾಗಿ. ಮೊದಲನೆಯದು ೧೮೬೮ರ ಆಗಸ್ಟ್ ೧೮ರದು. ಚಂದ್ರನ ನೆರಳು ಆಗ ಹೇಮಗುಡ್ಡಕ್ಕೆ ಉತ್ತರದಲ್ಲಿ, ಜಮಖಂಡಿ ಬಿಜಾಪುರಗಳ ಮೇಲೆ ಹಾಯ್ದು ಗುಂಟೂರಿನ ಕಡೆಗೆ ಹೋಯಿತು. ಜಮಖಂಡಿಯಲ್ಲಿ ಬೀಡುಬಿಟ್ಟಿದ್ದವರು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲರ ಮೊಮ್ಮಗ. ಮೋಡ ಬಹಳ ಕಾಡಿತು. ಆದರೂ ಸೂರ್ಯನ ಅಂಚಿನಿಂದ ಮೇಲೆದ್ದ ಜ್ವಾಲೆಗಳ ಬೆಳಕನ್ನು ರೋಹಿತದರ್ಶಕದಲ್ಲಿ ಒಡೆದು ನೋಡಿ, ಅದರಲ್ಲಿ ಹೊಳೆವ ಗೆರೆಗಳಿವೆಯೆಂದೂ, ಆದುದರಿಂದ ಆ ಜ್ವಾಲೆಗಳು ಉರಿವ ಅನಿಲವೆಂದೂ ಅವರು ಕಂಡರು. ಬಿಜಾಪುರದಲ್ಲಿ ಕ್ಯಾಪ್ಟನ್ ಹೇಗ್ ಕಂಡದ್ದೂ ಇದನ್ನೇ. ಆ ಗೆರೆಗಳಲ್ಲಿ ಹಳದಿಯದೊಂದು ಮುಂದೆ ಹೀಲಿಯಂ ಎಂಬ ಹೊಸ ಧಾತುವಿನ ಗುರುತಾಯಿತೆಂಬುದನ್ನು ಪಠ್ಯಪುಸ್ತಕಗಳು ಹೇಳುತ್ತವೆ. ಜಮಖಂಡಿಯ ಹೆಸರನ್ನು ಹೇಳುವುದಿಲ್ಲ. ಗುಂಟೂರಿನಲ್ಲಿ ಮೇಜರ್ ಟೆನೆಂಟ್ ತೆಗೆದ ಆರು ಛಾಯಾಚಿತ್ರಗಳಲ್ಲಿ ಕೊಂಬಿನಂತೆ ಸುತ್ತಿಕೊಂಡ ಒಂದು ದೊಡ್ಡ ಜ್ವಾಲೆ ಮೂಡಿತ್ತು.

ಎರಡನೆಯ ಗ್ರಹಣ ೧೮೭೧ರ ಡಿಸೆಂಬರ್ ೧೨ರದು. ಈ ಸಲ ನೆರಳು ದಕ್ಷಿಣದಲ್ಲಿ ಬಂತು: ಕಾಸರಗೋಡಿನ ಬೇಕಲದಲ್ಲಿ ಕಡಲಿನಿಂದ ನೆಲಕ್ಕೆ ಏರಿ ನೀಲಗಿರಿಯನ್ನು ದಾಟಿತು. ಕೆಳದಿಯ ಅರಸರು ಕಟ್ಟಿಸಿದ ಬೇಕಲದ ಕೋಟೆಯಲ್ಲಿ ಇಂಗ್ಲೆಂಡಿನ ನಾರ್ಮನ್ ಲಾಕ್ಯರ್ ತಮ್ಮ ದೂರದರ್ಶಕಗಳನ್ನು ನಿಲ್ಲಿಸಿದರು. ಊರವರು ಗ್ರಹಣಕಾಲಕ್ಕೆಂದು ಬೆಂಕಿ ಹಾಕಲು ಹೊರಟಾಗ, ಹೊಗೆಯಿಂದ ಬಿಂಬ ಮಸುಕಾದೀತೆಂದು ಪೋಲೀಸರು ತಡೆದರಂತೆ. ಅದೇ ಕೋಟೆಯಲ್ಲಿ ಡೇವಿಸ್ ಎಂಬವರು ಛಾಯಾಚಿತ್ರದ ಪೆಟ್ಟಿಗೆಯೊಡನೆ ಸಿದ್ಧರಾಗಿ ನಿಂತಿದ್ದರು. ಆ ಕಾಲದ ಛಾಯಾಚಿತ್ರವೆಂದರೆ ಹಸಿಗಾಜಿನ ಕೆಲಸ: ಗಾಜಿಗೆ ಮದ್ದು ಬಳಿದು, ಅದು ಒಣಗುವುದರೊಳಗೆ ಬೆಳಕಿಗೆ ಒಡ್ಡಿ, ಕೂಡಲೇ ತೊಳೆಯಬೇಕು. ಗ್ರಹಣದ ಪೂರ್ಣಾವಸ್ಥೆಯಾದರೋ ಎರಡು ನಿಮಿಷದ ಮಾತು. ಅಷ್ಟರಲ್ಲಿ ಅವರು ಐದು ಚಿತ್ರ ತೆಗೆದರು.

ಇತ್ತ ನೀಲಗಿರಿಯ ದೊಡ್ಡಬೆಟ್ಟದಲ್ಲಿ ಟೆನೆಂಟರ ತಂಡವೂ ಚಿತ್ರ ತೆಗೆಯುತ್ತಿತ್ತು. ಎರಡು ಸ್ಥಳಗಳಿಗೂ ನಡುವೆ ನೇರವಾಗಿ ಅಳೆದರೆ ಸುಮಾರು ಇನ್ನೂರು ಕಿಲೋಮೀಟರು. ಒಂದು ಕಡಲ ದಡ, ಇನ್ನೊಂದು ತಣ್ಣನೆಯ ಗಿರಿಶಿಖರ; ಗಾಳಿ ಬೇರೆ, ತೇವ ಬೇರೆ, ಯಂತ್ರ ಬೇರೆ, ಕೈ ಬೇರೆ. ಅಂದಿನ ವಿದ್ವಾಂಸರನ್ನು ಕಾಡುತ್ತಿದ್ದ ಪ್ರಶ್ನೆಯಾದರೂ ಏನು? ಪೂರ್ಣಗ್ರಹಣದಲ್ಲಿ ಕಪ್ಪು ಬಿಂಬದ ಸುತ್ತ ಕಾಣುವ ಬೆಳ್ಳಿಯ ಪ್ರಭಾಮಂಡಲ, ಈಗ ಕರೋನಾ ಎಂದು ಕರೆಯುವುದು, ಅದು ಸೂರ್ಯನಿಗೆ ಸೇರಿದ್ದೆ, ಇಲ್ಲವೆ ನಮ್ಮದೇ ಗಾಳಿಯಲ್ಲಿ ಚೆದರಿದ ಬೆಳಕಿನ ಭ್ರಾಂತಿಯೆ? ಒಬ್ಬೊಬ್ಬರು ಕಂಡು ಬರೆದ ರೇಖಾಚಿತ್ರಗಳು ಒಂದಕ್ಕೊಂದು ಹೋಲುತ್ತಿರಲಿಲ್ಲ. ಪಕ್ಕಪಕ್ಕದಲ್ಲಿ ನಿಂತವರೂ ಬೇರೆಬೇರೆಯಾಗಿ ಬರೆಯುತ್ತಿದ್ದರು. ಆದರೆ ಬೇಕಲದ ಗಾಜುಗಳನ್ನು ದೊಡ್ಡಬೆಟ್ಟದ ಗಾಜುಗಳ ಪಕ್ಕದಲ್ಲಿಟ್ಟು ನೋಡಿದಾಗ ಎಳೆಗೆ ಎಳೆ, ಬಿರುಕಿಗೆ ಬಿರುಕು ಹೊಂದಿತು. ಭ್ರಾಂತಿಯಾಗಿದ್ದರೆ ಎರಡು ಗಾಳಿಗಳಲ್ಲಿ ಒಂದೇ ಆಕಾರ ಮೂಡುವುದುಂಟೆ? ಕರೋನಾ ಸೂರ್ಯನದೇ ಎಂಬುದಕ್ಕೆ ಇದು ಬಲವಾದ ಸಾಕ್ಷ್ಯವಾಯಿತು. ಮುಂದೆ ಲಂಡನ್ನಿನಲ್ಲಿ ವೆಸ್ಲಿ ಎಂಬ ನುರಿತ ಚಿತ್ರಗಾರರು ಆ ಗಾಜುಗಳನ್ನೆಲ್ಲ ಸೂಕ್ಷ್ಮವಾಗಿ ಪರೀಕ್ಷಿಸಿ, ಅವುಗಳಲ್ಲಿದ್ದ ವಿವರವನ್ನು ಒಂದೇ ಚಿತ್ರಕ್ಕೆ ಇಳಿಸಿದರು.

ಒಂದೇ ಗಾಜು ಉಳಿದಿದ್ದರೆ ಅದು ಸೊಗಸಾದ ಚಿತ್ರವಾಗಿ ಉಳಿಯುತ್ತಿತ್ತು. ಎರಡು ಊರುಗಳ ಗಾಜುಗಳು ಕೂಡಿದ್ದರಿಂದ, ಪ್ರತಿಯೊಂದರ ಸ್ಥಳವೂ ಸಮಯವೂ ಬರೆದಿದ್ದರಿಂದ, ವಾದವೊಂದು ಇತ್ಯರ್ಥವಾಯಿತು. ನಾನು ಹುಡುಗರಿಗೆ ಹೇಳುವುದೂ ಇಷ್ಟನ್ನೇ.

ನಮ್ಮವರು ಇದರಲ್ಲಿ ಬರಿಯ ನೋಟಕರಾಗಿದ್ದರೆಂದು ತಿಳಿಯಬೇಡಿ. ಮದರಾಸಿನ ವೀಕ್ಷಣಾಲಯದಲ್ಲಿದ್ದ ಚಿಂತಾಮಣಿ ರಘುನಾಥಾಚಾರ್ಯರು ೧೮೬೭ರಲ್ಲಿ, ಬೆಳಕು ಏರಿಳಿಯುವ ನಕ್ಷತ್ರವೊಂದನ್ನು ಗುರುತಿಸಿದರು. ೧೮೬೮ರ ಗ್ರಹಣಕ್ಕೆ ವನಪರ್ತಿಗೂ ೧೮೭೧ರದಕ್ಕೆ ಕೊಯಮತ್ತೂರು ಸೀಮೆಯ ಅವಿನಾಶಿಗೂ ಹೋಗಿ ನೋಡಿದರು. ೧೮೭೪ರ ಡಿಸೆಂಬರ್ ೯ರಂದು ಶುಕ್ರಗ್ರಹವು ಸೂರ್ಯಬಿಂಬದ ಮೇಲೆ ಹಾಯುವುದಿತ್ತು. ಜನ ಅದನ್ನು ತಿಳಿದು ನೋಡಲೆಂದು ಅವರು ಒಂದು ಕಿರುಪುಸ್ತಕ ಬರೆದು ಹಲವು ದೇಶಭಾಷೆಗಳಲ್ಲಿ ಅಚ್ಚುಹಾಕಿಸಿದರು. ಕನ್ನಡದಲ್ಲೂ ಬಂತು, "ಶುಕ್ರಗ್ರಸ್ತ ಸೂರ್ಯಗ್ರಹಣ" ಅದರ ಹೆಸರು. ನನಗೆ ಅದರಲ್ಲಿ ಹಿಡಿಸುವುದು ಬರೆದ ರೀತಿ: ಸಿದ್ಧಾಂತಿಯೊಬ್ಬರೊಡನೆ ನಡೆಯುವ ಸಂಭಾಷಣೆಯ ರೂಪದಲ್ಲಿ ಹಳೆಯ ಗಣಿತ ಹೊಸ ಗಣಿತಗಳ ಮಾತು ಸಾಗುತ್ತದೆ. ಕಟ್ಟೆಯ ಮೇಲೆ ಕುಳಿತು ಆಕಾಶದ ಹರಟೆ ಹೊಡೆಯುವ ನಮ್ಮ ಪದ್ಧತಿಗೆ ಒಗ್ಗುವ ಬಗೆ ಅದು. ಮರೆಯಾಗಿದ್ದ ಈ ಪುಸ್ತಕವನ್ನು ಮತ್ತೆ ಬೆಳಕಿಗೆ ತಂದವರೂ ಶೈಲಜಾ ಅವರೇ.

ಉತ್ತರಕ್ಕೊಮ್ಮೆ ದಕ್ಷಿಣಕ್ಕೊಮ್ಮೆ ಸರಿದ ನೆರಳು ಕೊನೆಗೊಮ್ಮೆ ನಮ್ಮ ನೆತ್ತಿಯ ಮೇಲೆಯೇ ಬಂತು. ೧೯೮೦ರ ಫೆಬ್ರವರಿ ೧೬, ಶನಿವಾರ, ಮಾಘ ಬಹುಳ ಅಮಾವಾಸ್ಯೆ. ಅಂಕೋಲೆಯ ಬಳಿ ಕಡಲಿನಿಂದ ಏರಿ ಹುಬ್ಬಳ್ಳಿ, ಗದಗ, ರಾಯಚೂರು ದಾರಿಯಾಗಿ ಅದು ಪುರಿಯ ಕಡೆಗೆ ಸಾಗಿತು. ಕೊಪ್ಪಳ, ಗಂಗಾವತಿ, ಕುಷ್ಟಗಿಗಳು ಆ ಪಟ್ಟಿಯೊಳಗೇ ಇದ್ದವು. ಅಂದು ನಾವಿನ್ನೂ ರಾಯಚೂರು ಜಿಲ್ಲೆಯವರು. ನಮಗೆ ನೆರೆಯ ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಬೀಡುಬಿಟ್ಟಿದ್ದರು. ಗದಗಿನಲ್ಲಿ ಅಹಮದಾಬಾದಿನ ಭೌತ ಸಂಶೋಧನಾಲಯದವರು ಕರೋನಾದ ಬೆಳಕನ್ನು ಚಿತ್ರಿಸಿಕೊಂಡರು. ದೂರದೂರದಿಂದ ವಿದ್ವಾಂಸರು ಬಂದು ಕಾದದ್ದು ನಮ್ಮ ಆಕಾಶಕ್ಕಾಗಿ. ನಾವೋ, ಬಾಗಿಲು ಹಾಕಿಕೊಂಡು ಒಳಗಿದ್ದೆವು. ನಾನು ಆಗ ಸಣ್ಣ ಹುಡುಗ. ಪಡುವಣ ಬಾಗಿಲ ಹಲಗೆಯಲ್ಲಿ ಮೊಳೆ ಬಿದ್ದುಹೋದ ತೂತೊಂದಿತ್ತು. ಅದರಿಂದ ಎದುರುಗೋಡೆಯ ಮೇಲೆ ಬಿದ್ದಿದ್ದ ದುಂಡನೆಯ ಬಿಸಿಲ ಬೊಟ್ಟು ನೋಡನೋಡುತ್ತ ಬಿದಿಗೆಯ ಚಂದ್ರನಂತೆ ಸವೆಯಿತು. ಮೂರೂವರೆ ದಾಟಿದ ಮೇಲೆ ಆರಿಹೋಯಿತು. ಹಕ್ಕಿಗಳ ಸದ್ದು ಅಡಗಿತು. ಎರಡು ನಿಮಿಷ ಕಳೆದು ಅದೇ ಗೋಡೆಯ ಮೇಲೆ ಇನ್ನೊಂದು ಬದಿಗೆ ತಿರುಗಿದ ಗೆರೆಯೊಂದು ಹೊತ್ತಿಕೊಂಡಿತು. ವಿರೂಪಾಕ್ಷನ ಗೋಡೆಯ ಗೋಪುರವೂ ಈ ಬೊಟ್ಟೂ ಒಂದೇ ಜಾತಿಯೆಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ನಮ್ಮೂರ ಹಿರಿಯರಲ್ಲಿ ಅಂದಿನ ಕರೋನಾದ ಆಕಾರವನ್ನು ಹೇಳಬಲ್ಲವರು ಒಬ್ಬರೂ ನನಗೆ ಸಿಕ್ಕಿಲ್ಲ. ನೆನಪಿರುವುದು ಕತ್ತಲೆ ಮತ್ತು ದರ್ಭೆ.

ಬೆಂಗಳೂರಿನ ಹವ್ಯಾಸಿಗಳು ಆ ವೇಳೆಗೆ ಸಂಘ ಕಟ್ಟಿಕೊಂಡಿದ್ದರು. ಅವರ ಹವ್ಯಾಸಿ ಖಗೋಳ ಸಂಘ ೧೯೭೬ರದು. ಇಂದು ಅಂಥ ಬಳಗಗಳು ಹಲವು. ಊರಿನ ದೀಪಗಳಿಂದ ದೂರ ಹೋಗಿ, ಸಣ್ಣ ದೂರದರ್ಶಕಕ್ಕೆ ಕ್ಯಾಮರಾ ಜೋಡಿಸಿ, ನೂರಾರು ಚಿತ್ರಗಳನ್ನು ತೆಗೆದು ಒಂದರ ಮೇಲೊಂದು ಪೇರಿಸಿ ಒಂದು ಮಾಡುತ್ತಾರೆ. ವೆಸ್ಲಿ ಕೈಯಿಂದ ಮಾಡಿದ್ದನ್ನು ಇವರು ಗಣಕದಿಂದ ಮಾಡುತ್ತಾರೆ. ಬಣ್ಣದ ಪ್ರಶ್ನೆ ಬರುವುದು ಇಲ್ಲಿಯೇ. ೧೯೯೫ರಲ್ಲಿ ಹಬಲ್ ದೂರದರ್ಶಕದಿಂದ ತೆಗೆದ ಗರುಡ ನೀಹಾರಿಕೆಯ ಕಂಬಗಳ ಚಿತ್ರ ಲೋಕಪ್ರಸಿದ್ಧ. ಅದರಲ್ಲಿ ಜಲಜನಕದ ಬೆಳಕಿಗೆ ಹಸಿರನ್ನೂ ಗಂಧಕದ್ದಕ್ಕೆ ಕೆಂಪನ್ನೂ ಆಮ್ಲಜನಕದ್ದಕ್ಕೆ ನೀಲಿಯನ್ನೂ ಕೊಟ್ಟಿದ್ದಾರೆ. ಜಲಜನಕದ ಆ ಬೆಳಕು ಕಣ್ಣಿಗೆ ಕೆಂಪಾದರೂ ಗಂಧಕದ ಕೆಂಪಿನಿಂದ ಬೇರೆಯಾಗಿ ಕಾಣಲೆಂದು ಹಸಿರಾಯಿತು. ಹಾಗಾದರೆ ಅದು ಸುಳ್ಳೆ? ಶಾಸನದ ಪಡಿಯಚ್ಚು ತೆಗೆಯುವುದನ್ನು ನೋಡಿದ್ದೀರಾ? ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ ಮೇಲೆ ಮಸಿ ತಟ್ಟುತ್ತಾರೆ. ಕಪ್ಪು ನೆಲದಲ್ಲಿ ಅಕ್ಷರ ಬೆಳ್ಳಗೆ ಏಳುತ್ತದೆ. ಕಲ್ಲು ಕಪ್ಪಲ್ಲ, ಅಕ್ಷರ ಬಿಳಿಯಲ್ಲ. ಆದರೂ ಪಡಿಯಚ್ಚನ್ನು ಸುಳ್ಳೆಂದವರಿಲ್ಲ, ಏಕೆಂದರೆ ತೆಗೆದ ಬಗೆ ಎಲ್ಲರಿಗೂ ಗೊತ್ತು. ಬಗೆಯನ್ನು ಹೇಳದೆ ಬಣ್ಣ ಬಳಿದು ಹಂಚುವವರೂ ಈಗ ಇದ್ದಾರೆ. ಅವರ ಮಾತು ಬೇರೆ.

೨೦೧೯ರ ಡಿಸೆಂಬರ್ ೨೬ರ ಕಂಕಣಗ್ರಹಣದಲ್ಲಿ ಬೇಕಲದ ದಕ್ಷಿಣಕ್ಕಿರುವ ಚೆರುವತ್ತೂರಿನಲ್ಲಿ ಜನ ಜಾತ್ರೆಯಂತೆ ಕೂಡಿ ನೋಡಿದರು. ನಮ್ಮ ಹೇಮಗುಡ್ಡಕ್ಕೆ ಇನ್ನು ಹತ್ತಿರವಿರುವುದು ಒಂದು ಪಾರ್ಶ್ವಗ್ರಹಣ, ೨೦೨೭ರ ಆಗಸ್ಟ್ ೨ರ ಇಳಿಹೊತ್ತಿನದು. ಮಳೆಗಾಲ, ಮೋಡ ಬಿಟ್ಟರೆ ಕಂಡೀತು. ಬರಿಗಣ್ಣಿನಿಂದ ಸೂರ್ಯನನ್ನು ನೋಡುವುದು ಬೇಡ. ರಟ್ಟಿನಲ್ಲಿ ಸೂಜಿಯ ತೂತು ಮಾಡಿ ನೆಲದ ಮೇಲೆ ಬಿಂಬ ಬೀಳಿಸಿರಿ, ಬೇವಿನ ಮರದ ಕೆಳಗಿನ ಬಿಸಿಲ ಬೊಟ್ಟುಗಳನ್ನೂ ನೋಡಿರಿ. ಚಿತ್ರ ತೆಗೆದರೆ ಅದರ ಕೆಳಗೆ ಗಂಟೆ ನಿಮಿಷವನ್ನೂ ಊರ ಹೆಸರನ್ನೂ ಬರೆಯಿರಿ. ದಿನವನ್ನು ನಮ್ಮ ಕಲ್ಲುಗಳ ರೀತಿಯಲ್ಲಿ ಬರೆಯುವುದಾದರೆ ಹೀಗೆ: ಶಕವರ್ಷ ೧೯೪೯ನೆಯ ಪ್ಲವಂಗ ಸಂವತ್ಸರದ ಆಷಾಢ ಬಹುಳ ಅಮಾವಾಸ್ಯೆ, ಸೋಮವಾರ, ಸೂರ್ಯಗ್ರಹಣ.