ನಾಕು ದಿನದ ಕೋಟೆ

ಕೋಟೆಯ ಚರಿತ್ರೆ ಅಂದರೆ ಕಟ್ಟಿಸಿದವನ, ಆಳಿದವನ ಚರಿತ್ರೆ ಎಂದೇ ನಮಗೆ ಕಲಿಸಿದ್ದಾರೆ. ಒಳಗೆ ನಿಂತು ಸತ್ತವರು ಎಲ್ಲಿ ಹೋದರು? ಕೊಪ್ಪಳದ ಕೋಟೆಯನ್ನು ಈ ಪ್ರಶ್ನೆ ಹಿಡಿದುಕೊಂಡೇ ನೋಡಬೇಕು.

1858ರಲ್ಲಿ ನಮ್ಮ ಸೀಮೆ ಚೂರುಚೂರಾಗಿತ್ತು. ಗದಗ-ಬೆಟಗೇರಿ, ಡಂಬಳ ಕಂಪನಿ ಸರಕಾರದ ಧಾರವಾಡ ಜಿಲ್ಲೆಗೆ. ಲಕ್ಷ್ಮೇಶ್ವರ ಮಿರಜಿಗೆ, ಶಿರಹಟ್ಟಿ ಸಾಂಗಲಿಗೆ. ಮುಂಡರಗಿ ದಾಟಿ ಮೂಡಣಕ್ಕೆ ಹೋದರೆ ಕೊಪ್ಪಳ, ಅದು ನಿಜಾಮನದು. ಆಡೋ ಮಾತು ಒಂದೇ, ಕಂದಾಯ ಕೀಳೋರು ಮಾತ್ರ ಬೇರೆ ಬೇರೆ.

ಗಡಿಯ ಆ ಕೋಟೆಯನ್ನು ಟಿಪ್ಪು 1786ರಲ್ಲಿ ಪಾಳೇಗಾರನಿಂದ ಪಡೆದು, ಫ್ರೆಂಚ್ ಇಂಜಿನಿಯರುಗಳಿಂದ ಗಟ್ಟಿ ಮಾಡಿಸಿದ. 1790ರಲ್ಲಿ ಮುತ್ತಿಗೆ ಹಾಕಿದ ಕಂಪನಿ ಮತ್ತು ನಿಜಾಮನ ಪಡೆಗಳಿಗೆ ಅದು ದಕ್ಕಿದ್ದು ಮರುವರ್ಷ. 1819ರಲ್ಲಿ ವೀರಪ್ಪನೆಂಬ ಬಂಡುಗಾರ ಅದನ್ನು ಹಿಡಿದ, ಕಳಕೊಂಡ.

1857ರಲ್ಲಿ ಕಂಪನಿ ನಿಶ್ಶಸ್ತ್ರೀಕರಣದ ಕಾಯಿದೆ ತಂದಿತು. ಲೈಸೆನ್ಸಿಲ್ಲದೆ ಆಯುಧ ಇಡಬಾರದು. ದೇಸಾಯಿಗೆ ಅದು ಮಾನದ ಪ್ರಶ್ನೆ. ಹಲಗಲಿಯ ಬೇಡರಿಗೆ ಹೊಟ್ಟೆಯ ಪ್ರಶ್ನೆ. ಉಳ್ಳವರಿಗೆ ಇನ್ನೊಂದು ಸಿಟ್ಟೂ ಇತ್ತು: ಇನಾಂ ಕಮಿಷನ್ ಕಾಗದ ಕೇಳಿ ಭೂಮಿ ಕೀಳುತ್ತಿತ್ತು. ನೋವು ಬೇರೆ, ವೈರಿ ಒಬ್ಬನೇ. ಇದನ್ನು ಮರೆತು ಎಲ್ಲರನ್ನೂ ಒಂದೇ ಪಟದಾಗ ಕೂಡಿಸಿ ಹೂಮಾಲೆ ಹಾಕಿದರೆ ಅದು ಚರಿತ್ರೆಯಲ್ಲ.

ಹಮ್ಮಿಗಿಯ ಕೆಂಚನಗೌಡನ ಹತ್ತಿರ ಬಚ್ಚಿಟ್ಟಿದ್ದ ಆಯುಧಗಳು ಸರಕಾರದ ಕಣ್ಣಿಗೆ ಬಿದ್ದವು. ಕಂಪನಿಯ ನೌಕರಿ ಕಳಕೊಂಡಿದ್ದ ಮುಂಡರಗಿ ಭೀಮರಾಯ 1858ರ ಮೇ ಕೊನೆಯ ವಾರ ಬಂಡೆದ್ದ. ಡಂಬಳದ ಖಜಾನೆ ಲೂಟಿಯಾಯಿತು. ದಂಡು ಗಡಿ ದಾಟಿ ಕೊಪ್ಪಳದ ಕೋಟೆ ಹೊಕ್ಕಿತು. ಮೇಜರ್ ಹ್ಯೂಸ್ ಬೆನ್ನು ಹತ್ತಿ ಬಂದ. ಜೂನ್ 1ಕ್ಕೆ ಕೋಟೆ ಬಿತ್ತು. ಭೀಮರಾಯ, ಕೆಂಚನಗೌಡ ಇಬ್ಬರೂ ಸತ್ತರು. ಜೂನ್ 12ಕ್ಕೆ ನರಗುಂದದ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ನೋಡಿ, ಗಡಿ ಯಾರಿಗೆ ಗಡಿ? ಬಂಡುಗಾರನಿಗೆ ಗಡಿಯಾಚೆ ನೆರಳು ಸಿಗಲಿಲ್ಲ. ನಿಜಾಮ ಕಂಪನಿಯ ಗೆಳೆಯ. ಆಳೋರ ನಡುವಿನ ಗೋಡೆ, ಬಡವನನ್ನು ಬಡಿಯುವಾಗ ಬಾಗಿಲಾಗುತ್ತದೆ. ಆ ಗಡಿ ಅಳಿಸಿ ಎಲ್ಲ ಒಂದು ರಾಜ್ಯವಾಗಲು 1956ರ ತನಕ ಕಾಯಬೇಕಾಯಿತು.

ಇಬ್ಬರ ಹೆಸರು ಉಳಿದವು. ಅವರ ಬೆನ್ನಿಗೆ ನಿಂತವರೆಲ್ಲ ಬರೀ ದಂಡಾಗಿ ಉಳಿದರು. ಹಲಗಲಿಯ ಜಡಗ, ಬಾಲ ಇವತ್ತೂ ಬದುಕಿದ್ದರೆ ಅದು ಲಾವಣಿಯ ಪುಣ್ಯ, ಸರಕಾರದ ದಫ್ತರದ್ದಲ್ಲ.

ಹಳ್ಳಿಯ ಮಾಸ್ತರರೇ, ಹುಡುಗರನ್ನು ಕೋಟೆ ತೋರಿಸಲು ಕರಕೊಂಡು ಹೋಗ್ತೀರಿ. ಮೊದಲು ಡಂಬಳ, ಹಮ್ಮಿಗಿಯ ಕೇರಿಗಳಿಗೆ ಕರಕೊಂಡು ಹೋಗಿ. ಮುದುಕರ ಮುಂದೆ ಕೂಡ್ರಿಸಿ, ಕೇಳಿಸಿ, ಬರೆಸಿ. ಕಲ್ಲು ಎಲ್ಲಿಗೂ ಹೋಗೋದಿಲ್ಲ. ಮುದುಕರು ಹೋಗ್ತಾರೆ.