ಗಣಿಯ ಪಕ್ಕದ ಕಾರ್ಖಾನೆ

ಕೆಜಿಎಫ್ ಅಂದ ಕೂಡಲೇ ಈಗ ಎಲ್ಲರಿಗೂ ನೆನಪಾಗೋದು ಯಶ್. ಬಂಗಾರಪೇಟೆ ಅಂದರೆ ಬಿಳಿ ನೀರಿನ ಪಾನಿಪುರಿ. ಇವೆರಡನ್ನೂ ದಾಟಿ ಆ ಊರಿನ ಬಗ್ಗೆ ಕೇಳುವವರು ಸಾಮಾನ್ಯವಾಗಿ ಒಂದು ಪ್ರಶ್ನೆ ಕೇಳ್ತಾರೆ: ಚಿನ್ನದ ಗಣಿ ಮುಚ್ಚಿದಾಗ ಪಕ್ಕದಲ್ಲೇ ಬೆಮೆಲ್ ಇತ್ತಲ್ಲ, ಗಣಿಯವರೆಲ್ಲ ಅಲ್ಲಿಗೆ ಹೋಗಬಹುದಿತ್ತಲ್ಲ?

ಕೇಳೋಕೆ ಸರಳವಾಗಿದೆ. ನಮ್ಮ ಆಫೀಸುಗಳಲ್ಲಿ ದಿನಕ್ಕೆ ನಾಲ್ಕು ಸಲ ಕಿವಿಗೆ ಬೀಳುವ 'ರೀಸ್ಕಿಲಿಂಗ್' ಅನ್ನೋ ಪದವೂ ಇದೇ ನಂಬಿಕೆಯ ಮೇಲೆ ನಿಂತಿದೆ. ಒಂದು ಕೆಲಸ ಹೋದರೇನು, ಇನ್ನೊಂದು ಕಲಿ, ಪಕ್ಕದ ಗೇಟಿಗೆ ಹೋಗು ಅಂತ. ಕೆಜಿಎಫ್‌ನಲ್ಲಿ ಪಕ್ಕದ ಗೇಟು ನಿಜಕ್ಕೂ ಇತ್ತು. ಅದಕ್ಕೇ ಈ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಕಾಲಿಟ್ಟಿದ್ದು 1880ರಲ್ಲಿ. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು, ಬೆಂಗಳೂರಿಗಿಂತ ಮೂರು ವರ್ಷ ಮೊದಲು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು. ಅಷ್ಟೊತ್ತಿಗಾಗಲೇ ಒಳ್ಳೆ ಅದಿರು ತೆಳುವಾಗುತ್ತಾ ಬಂದಿತ್ತು, ಆಳ ಹೆಚ್ಚುತ್ತಾ ಹೋಗಿತ್ತು. 1964ರಲ್ಲಿ ಭಾರತ್ ಅರ್ಥ್ ಮೂವರ್ಸ್ ಕಂಪನಿ ಹುಟ್ಟಿ, ಕೆಜಿಎಫ್‌ನಲ್ಲಿ ಜಪಾನಿನ ಕೊಮಾತ್ಸು ಸಹಯೋಗದಲ್ಲಿ ಬುಲ್ಡೋಜರ್ ತಯಾರಿಕೆ ಶುರುವಾಯ್ತು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಅಂದರೆ ಹಳೆ ಕಸುಬು ಮತ್ತು ಹೊಸ ಕಾರ್ಖಾನೆ ಒಂದೇ ಊರಿನಲ್ಲಿ 36 ವರ್ಷಕ್ಕೂ ಹೆಚ್ಚು ಕಾಲ ಅಕ್ಕಪಕ್ಕ ಬದುಕಿದ್ದವು. ಇಷ್ಟು ಮುಂಚಿತವಾಗಿ ಪರ್ಯಾಯ ಸಿಕ್ಕ ಗಣಿ ಊರುಗಳು ಜಗತ್ತಿನಲ್ಲೇ ಕಡಿಮೆ ಇರಬೇಕು.

ಆದರೂ ಆ ದಾರಿ ಕೆಲವರಿಗೆ ಮಾತ್ರ ತೆರೆದಿತ್ತು. ಯಾಕೆ ಅಂತ ತಿಳಿಯೋಕೆ ಕೆಳಗಿನ ಕೆಲಸ ಏನಿತ್ತು ಅಂತ ನೋಡಬೇಕು.

ಚಾಂಪಿಯನ್ ರೀಫ್ ಗಣಿ ನೆಲದಿಂದ 3 ಕಿಲೋಮೀಟರಿಗೂ ಹೆಚ್ಚು ಆಳ. ಆ ತಳದಲ್ಲಿ ಬಂಡೆಯ ಶಾಖವೇ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಮೇಲಿಂದ ತಂಪು ಮಾಡಿದ ಗಾಳಿ ಕಳಿಸದಿದ್ದರೆ ಅಲ್ಲಿ ನಿಲ್ಲೋಕೇ ಆಗದು. ಮೇಲಿನ ಇಡೀ ಬೆಟ್ಟದ ಭಾರ ಹೊತ್ತ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. ಇದನ್ನೇ 'ರಾಕ್ ಬರ್ಸ್ಟ್' ಅನ್ನೋದು. ಮೇಲೆ ಮನೆಯಲ್ಲಿ ಪಾತ್ರೆ ಅಲುಗಾಡಿದರೆ ಹೆಂಗಸರಿಗೆ ಕೆಳಗೇನೋ ಆಯ್ತು ಅಂತ ಗೊತ್ತಾಗಿಬಿಡೋದು. ಇಂಥ ಕಡೆ ಕೆಲಸ ಮಾಡುವವನ ಮುಖ್ಯ ವಿದ್ಯೆ ಅಂದರೆ ಕಿವಿ. ಕಬ್ಬಿಣದ ಸಲಾಕೆಯಿಂದ ಸೂರನ್ನು ತಟ್ಟಿ, ಬರುವ ಸದ್ದಿನಲ್ಲೇ ಅದು ಗಟ್ಟಿಯೋ ಪೊಳ್ಳೋ ಅಂತ ಹೇಳೋದು. ಎಲ್ಲಿ ಆಧಾರ ಕೊಡಬೇಕು, ಎಲ್ಲಿ ಕಲ್ಲಿನ ಗೋಡೆ ಕಟ್ಟಬೇಕು, ಎಷ್ಟು ತೂತು ಕೊರೆದು ಎಷ್ಟು ಮದ್ದು ತುಂಬಬೇಕು ಅನ್ನೋದು. ಮೇಲೆ ಕೂತ ವೈಂಡಿಂಗ್ ಎಂಜಿನ್ ಡ್ರೈವರ್ ಕೈಯಲ್ಲಿ ಕೇಜಿನೊಳಗಿದ್ದ ಅಷ್ಟೂ ಜನರ ಪ್ರಾಣ. ಅವನಿಗೆ ಕೆಳಗಿನವರು ಕಾಣೋದಿಲ್ಲ, ಗಂಟೆಯ ಸಂಕೇತ ಕೇಳಿಸುತ್ತೆ ಅಷ್ಟೇ.

ಇದು ಕೌಶಲ ಅಲ್ಲ ಅಂತ ಯಾರೂ ಹೇಳಲಾರರು. ಸರ್ಕಾರವೇ ಇದಕ್ಕೆ ಸರ್ಟಿಫಿಕೇಟ್ ಕೊಡುತ್ತಿತ್ತು: ಮೇಟ್, ಬ್ಲಾಸ್ಟರ್, ವೈಂಡಿಂಗ್ ಎಂಜಿನ್ ಡ್ರೈವರ್ ಅಂತ. ಆದರೆ ಅವೆಲ್ಲ 1952ರ ಗಣಿ ಕಾಯ್ದೆಯ ಲೋಕದವು. ಬೆಮೆಲ್ ನಡೆಯುತ್ತಿದ್ದದ್ದು 1948ರ ಕಾರ್ಖಾನೆ ಕಾಯ್ದೆಯ ಕೆಳಗೆ. ಆ ಕಾಯ್ದೆಯಲ್ಲಿ 'ಕಾರ್ಖಾನೆ' ಅನ್ನುವ ಪದದ ವ್ಯಾಖ್ಯಾನವೇ ಗಣಿಯನ್ನು ಹೆಸರಿಸಿ ಹೊರಗಿಡುತ್ತಿತ್ತು. ಬ್ಲಾಸ್ಟರ್ ಸರ್ಟಿಫಿಕೇಟಿಗೆ ಬೆಲೆ ಇದ್ದದ್ದು ರಾಯಚೂರು ಜಿಲ್ಲೆಯ ಹಟ್ಟಿಯಂಥ ಕಡೆ, ಪಕ್ಕದ ರಸ್ತೆಯಲ್ಲಿ ಅಲ್ಲ.

ಬೆಮೆಲ್‌ಗೆ ಬೇಕಾಗಿದ್ದು ಡ್ರಾಯಿಂಗ್ ಓದುವವರು, ಲೇತ್ ಮೇಲೆ ಕೂದಲೆಳೆಯಷ್ಟು ಅಳತೆ ಹಿಡಿಯುವವರು, ವೆಲ್ಡರ್‌ಗಳು. ಗಣಿಯಲ್ಲೂ ಇಂಥವರಿದ್ದರು: ವರ್ಕ್‌ಶಾಪು, ಫೌಂಡ್ರಿ, ಪಂಪ್ ರಿಪೇರಿಯ ಫಿಟ್ಟರ್‌ಗಳು, ಎಲೆಕ್ಟ್ರಿಷಿಯನ್‌ಗಳು. ಗಣಿಯಿಂದ ಕಾರ್ಖಾನೆಗೆ ಬದಲಾಗೋದು ಅವರಿಗೆ ಹೆಚ್ಚು ಕಷ್ಟವಲ್ಲ, ಯಾಕಂದ್ರೆ ಅವರು ನೆಲದ ಮೇಲಿದ್ದವರು. ಐಟಿಐ ಮುಗಿಸಿದ ಮಕ್ಕಳಿಗೂ ದಾರಿಯಿತ್ತು. ದಾರಿ ಇಲ್ಲದಿದ್ದದ್ದು ಗಣಿಯನ್ನು ನಿಜಕ್ಕೂ ಗಣಿಯಾಗಿಸಿದ್ದ ಆಳದವನಿಗೆ.

ಶ್ವಾಸಕೋಶದ ಮಾತೂ ಇದೆ. 1940ರ ದಶಕದಲ್ಲಿ ಇಲ್ಲಿನ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 43ಕ್ಕೂ ಹೆಚ್ಚು ಜನರಲ್ಲಿ ಸಿಲಿಕೋಸಿಸ್ ಕಂಡುಬಂದಿತ್ತು. ನಂತರದ ವರ್ಷಗಳಲ್ಲಿ ನೀರು ಹಾಯಿಸಿ ಕೊರೆಯೋದು, ಗಾಳಿ ವ್ಯವಸ್ಥೆ ಎಲ್ಲ ಸುಧಾರಿಸಿತು ಅನ್ನಿ. ಆದರೂ ಕಲ್ಲಿನ ಧೂಳು ಕುಡಿದ ಎದೆ ಇಟ್ಟುಕೊಂಡು ನಲವತ್ತೈದರಲ್ಲಿ ಹೊಸ ಕಾರ್ಖಾನೆಯ ವೈದ್ಯಕೀಯ ಪರೀಕ್ಷೆಗೆ ನಿಲ್ಲೋದು ಅಂದರೆ ಏನು ಅಂತ ಯೋಚಿಸಿ.

ಇನ್ನೊಂದು ವಿಚಿತ್ರ. ಬೆಮೆಲ್ ಮುಖ್ಯವಾಗಿ ತಯಾರಿಸಿದ್ದು ಬುಲ್ಡೋಜರ್, ಎಕ್ಸ್‌ಕವೇಟರ್‌ಗಳನ್ನು. ಇವು ಹೋಗೋದು ಬಯಲು ಗಣಿಗಳಿಗೆ, ಅದರಲ್ಲೂ ಕಲ್ಲಿದ್ದಲಿಗೆ. ಕೆಜಿಎಫ್‌ನ ಕಿರಿದಾದ ಸುರಂಗದೊಳಗೆ ಅವು ಇಳಿಯೋದೇ ಇಲ್ಲ. ಹೆಸರಿಗೆ ಎರಡೂ ಗಣಿಗಾರಿಕೆಯೇ, ಆದರೆ ಒಬ್ಬರ ಕಸುಬು ಇನ್ನೊಬ್ಬರ ಯಂತ್ರವನ್ನು ಎಂದೂ ಮುಟ್ಟಲಿಲ್ಲ.

ಹಾಗಾದರೆ 2001ರ ನಂತರ ಊರು ಬದುಕಿದ್ದು ಹೇಗೆ? ರೈಲಿನಿಂದ. ಬಂಗಾರಪೇಟೆಯಿಂದ ಗಣಿಗೆ 1894ರಲ್ಲಿ ಒಂದು ಕವಲು ದಾರಿ ಹಾಕಿದ್ದರು. ಮಾರಿಕುಪ್ಪಂ ಅದರ ಕೊನೆ. (ಕಮಿಷನರ್ ಬೌರಿಂಗ್ ಹೆಸರಲ್ಲಿ ಬೌರಿಂಗ್‌ಪೇಟೆ ಆಗಿದ್ದ ಊರು ಬಂಗಾರಪೇಟೆಯಾದದ್ದು ನನಗಂತೂ ಒಳ್ಳೆಯದೇ ಅನಿಸುತ್ತೆ.) ಗಣಿಗೆ ಕಲ್ಲಿದ್ದಲು, ಯಂತ್ರ ಹೊತ್ತು ತರುತ್ತಿದ್ದ ಆ ಹಳಿಗಳ ಮೇಲೆ ಈಗ ಬೆಳಗಿನ ಜಾವ ಜನ ಹೊರಡ್ತಾರೆ. ಊರಗಾಂ, ಕೋರಮಂಡಲ್ ಸ್ಟೇಷನ್‌ಗಳಲ್ಲಿ ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರು ತಲುಪಿ, ರಾತ್ರಿ ವಾಪಸ್. ವೈಟ್‌ಫೀಲ್ಡ್‌ನಲ್ಲಿ ನಿಮ್ಮ ಕಟ್ಟಡದ ಸೆಕ್ಯೂರಿಟಿಯವರು, ಹೌಸ್‌ಕೀಪಿಂಗ್‌ನವರು, ಕೆಲವೊಮ್ಮೆ ಪಕ್ಕದ ಡೆಸ್ಕಿನವರೂ ಈ ರೈಲಿನಿಂದ ಇಳಿದವರಿರಬಹುದು.

ಅದೇ ಜಿಲ್ಲೆಯ ನರಸಾಪುರದಲ್ಲಿ 2013ರಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ, ಆಮೇಲೆ ವಿಸ್ಟ್ರಾನ್‌ನ ಐಫೋನ್ ಕಾರ್ಖಾನೆ ಬಂದವು. ವಿಸ್ಟ್ರಾನ್‌ನಲ್ಲಿ 2020ರ ಡಿಸೆಂಬರ್‌ನಲ್ಲಿ ಸಂಬಳದ ವಿಚಾರಕ್ಕೆ ಗಲಾಟೆಯಾಗಿದ್ದು ನೆನಪಿರಬಹುದು. ಅಲ್ಲಿದ್ದ ಬಹುಪಾಲು ಜನ ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆ ನೌಕರರು. 2023ರಲ್ಲಿ ಅದು ಟಾಟಾ ಎಲೆಕ್ಟ್ರಾನಿಕ್ಸ್ ಪಾಲಾಯಿತು. ಗಣಿಯಲ್ಲಿ ಅಪ್ಪನ ನಂತರ ಮಗ, ಕಾಲೊನಿಯಲ್ಲಿ ಮನೆ, ಗಣಿಯದ್ದೇ ಆಸ್ಪತ್ರೆ. ಅದರ ಜೊತೆ ಗುತ್ತಿಗೆಯ ಕೆಲಸವನ್ನು ಹೋಲಿಸಿ ಹಳೆಯದೇ ಚೆನ್ನಾಗಿತ್ತು ಅನ್ನೋಕೆ ನನಗೆ ಬಾಯಿ ಬರೋದಿಲ್ಲ. ಆ ಕಾಲೊನಿ ಮನೆಗಳು ಎಂಥ ಗೂಡುಗಳು ಅಂತ ಹೋಗಿ ನೋಡಿದವರಿಗೆ ಗೊತ್ತು.

2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಕೆಜಿಎಫ್‌ನ ಸೈನೈಡ್ ದಿಬ್ಬಗಳಲ್ಲಿ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. 13 ದಿಬ್ಬಗಳು, ಸುಮಾರು 3.3 ಕೋಟಿ ಟನ್ ಪುಡಿಮಣ್ಣು. ಎಲ್ಲವೂ ನೆಲದ ಮೇಲೆ, ಬಿಸಿಲಲ್ಲಿ ಇದೆ. ತೆಗೆಯೋಕೆ ಬೇಕಾದ್ದು ಎಕ್ಸ್‌ಕವೇಟರ್ ಮತ್ತು ಬುಲ್ಡೋಜರ್. ಸೂರು ತಟ್ಟಿ ಸದ್ದು ಕೇಳುವವರು ಬೇಕಿಲ್ಲ.